ಲಕೋಟೆ ಒಡೆಯುವ ದೊಡ್ಡಕ್ಕ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ವಿಶ್ವವಿದ್ಯಾಲಯದ ಹಿಂಬಾಗಿಲ ಬೀಗಕ್ಕೂ ದೊಡ್ಡಕ್ಕನಿಗೂ ದಿನಾ ಒಂದು ಜಗಳ. ಕೀಲಿ ಅರ್ಧ ತಿರುಗಿ ನಿಲ್ಲುತ್ತದೆ. ಅವಳು ಬಾಗಿಲಿಗೆ ಹೆಗಲು ಕೊಟ್ಟು "ಏಳಪ್ಪಾ, ಬೆಳಗಾಯ್ತು" ಎಂದು ಗದರುತ್ತಾಳೆ, ಬೀಗ ಸೋಲೊಪ್ಪುತ್ತದೆ. ಮೆಟ್ಟಿಲಿಳಿದರೆ ನೆಲಮಾಳಿಗೆಯ ಕೋಣೆ. ಗೋಡೆಯಾಚೆ ಜೆರಾಕ್ಸ್ ಯಂತ್ರಗಳು, ತಲೆಯ ಮೇಲೆ ಸದಾ ಗೊಣಗುವ ನೀರಿನ ಕೊಳವೆ. ದೀಪ ಹಾಕಿ, ಮೇಜು ಒರೆಸಿ, ಎದುರುಬದುರಾಗಿರುವ ಕುರ್ಚಿಗಳನ್ನು ಎಳೆದು ಪಕ್ಕಪಕ್ಕಕ್ಕೆ ಹಾಕುತ್ತಾಳೆ. "ಎದುರಿಗೆ ಕೂತ್ರೆ ಪೊಲೀಸ್ ಠಾಣೆ ಥರ ಆಗುತ್ತೆ" ಅನ್ನುವುದು ಅವಳ ವಾದ. ಕೊನೆಗೆ ಡ್ರಾಯರಿನಿಂದ ಒಂದು ಕತ್ತರಿ ತೆಗೆದು ಮೇಜಿನ ಮೇಲಿಟ್ಟರೆ ಅಂಗಡಿ ತೆರೆದ ಹಾಗೆ.

ಇದು ತೆರಿಗೆ ಕ್ಲಿನಿಕ್ಕು. ಮಾತ್ರೆ ಇಲ್ಲ, ಸೂಜಿ ಇಲ್ಲ, ಆದರೂ ಬರುವವರ ಮುಖ ನೋಡಿದರೆ ದೊಡ್ಡ ಕಾಯಿಲೆಯವರೇ. ಲೆಕ್ಕಶಾಸ್ತ್ರ ಓದುವ ವಿದ್ಯಾರ್ಥಿಗಳೂ ಅವರ ಬೆನ್ನಿಗೆ ನಿಂತ ಒಬ್ಬ ಮೇಷ್ಟ್ರೂ ಕೈಯಲ್ಲಿ ಕಾಸಿಲ್ಲದವರ ತೆರಿಗೆಯ ತಾಪತ್ರಯವನ್ನು ಇಲ್ಲಿ ಪುಕ್ಕಟೆ ಬಿಡಿಸಿಕೊಡುತ್ತಾರೆ. ಬೇರೆಯವರೆಲ್ಲ ಮಧ್ಯಾಹ್ನ ಬರುತ್ತಾರೆ. ಬೆಳಗಿನ ಸರದಿ ದೊಡ್ಡಕ್ಕನದು, ಹಟ ಹಿಡಿದು ಅದನ್ನು ಶುರು ಮಾಡಿಸಿದವಳೂ ಅವಳೇ. ರಾತ್ರಿಪಾಳಿ ಮುಗಿಸಿದ ಕಾವಲುಗಾರರು, ಬೇಕರಿಯವರು, ಆಸ್ಪತ್ರೆಯ ನೆಲ ಒರೆಸುವವರು ಮಧ್ಯಾಹ್ನ ಎಲ್ಲಿರುತ್ತಾರೆ? ಹಾಸಿಗೆಯಲ್ಲಿ. ಅದು ಅವಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ವರ್ಷಗಟ್ಟಲೆ ರಾತ್ರಿ ದುಡಿದವಳು ಅವಳು.

ಕಾಲೇಜು ಸೇರುವಾಗ ವಯಸ್ಸು ನಲವತ್ತರ ಹತ್ತಿರ. ತರಗತಿಯ ಹುಡುಗರು 'ಆಂಟಿ' ಎನ್ನಲು ಬಾಯಿ ತೆರೆದಾಗ "ಅಕ್ಕ ಅನ್ನಿ, ಇಲ್ಲಾಂದ್ರೆ ನೋಟ್ಸ್ ಕೊಡಲ್ಲ" ಅಂದಳಂತೆ. ಅಂದಿನಿಂದ ಮೇಷ್ಟ್ರಿಗೂ ಅವಳು ದೊಡ್ಡಕ್ಕ. ಗಂಡ ಲಾರಿ ಓಡಿಸುತ್ತಾನೆ, ವಾರಕ್ಕೆರಡು ದಿನ ಮನೆಯಲ್ಲಿದ್ದರೆ ಹೆಚ್ಚು. ಮಗಳನ್ನು ಎಬ್ಬಿಸಿ ಶಾಲೆಗೆ ಕಳಿಸುವವರು ಅತ್ತೆ. ಆ ಅತ್ತೆಯ ಬಾಯಿಗೆ ಬೀಗವಿಲ್ಲ. "ಊರವರ ಲೆಕ್ಕವೆಲ್ಲ ಸರಿ ಮಾಡ್ತಾಳೆ ನನ್ನ ಸೊಸೆ. ಒಲೆ ಮೇಲೆ ಹಾಲಿಟ್ಟಿದ್ದು ಮಾತ್ರ ಮರೀತಾಳೆ" ಅನ್ನುತ್ತಲೇ ಸೊಸೆಯ ಚೀಲಕ್ಕೆ ಎರಡು ಫ್ಲಾಸ್ಕು ಚಹಾ ತುರುಕುತ್ತಾರೆ. ಒಂದು ಅವಳಿಗೆ, ಒಂದು ಬಂದವರಿಗೆ.

ಬರುವವರು ತರುವುದು ಸಾಮಾನ್ಯವಾಗಿ ಒಂದು ಪ್ಲಾಸ್ಟಿಕ್ ಚೀಲ. ಅದರ ತುಂಬ ತೆರಿಗೆ ಕಚೇರಿಯ ಲಕೋಟೆಗಳು, ಒಂದನ್ನೂ ಒಡೆದಿರುವುದಿಲ್ಲ. ಬಿಸಿ ಪಾತ್ರೆ ಇಳಿಸಿದ ಹಾಗೆ ಮೇಜಿನ ಮೇಲಿಟ್ಟು ಕೈ ಹಿಂದೆಳೆದುಕೊಳ್ಳುತ್ತಾರೆ. "ಒಡೀದಿದ್ರೆ ಬಂದೇ ಇಲ್ಲ ಅಂತ ಲೆಕ್ಕ ಅಲ್ವಾ?" ಎಂದು ಕೇಳಿದ ಕಾವಲುಗಾರನೂ ಉಂಟು. ದೊಡ್ಡಕ್ಕ ನಗುವುದಿಲ್ಲ. ಮೊದಲು ಚಹಾ, ಆಮೇಲೆ ಕತ್ತರಿ. ಕಾಗದವನ್ನು ಒಂದು ಸಲ ಮನಸ್ಸಿನಲ್ಲಿ ಓದಿಕೊಂಡು, ಇನ್ನೊಂದು ಸಲ ಅವರಿಗೆ ಓದಿ ಹೇಳುತ್ತಾಳೆ. "ಮೊದಲ ಸಲ ಓದುವಾಗ ಮುಖ ಅಲ್ಲಾಡಬಾರದು. ಅವರು ಕಾಗದ ನೋಡಲ್ಲ, ನನ್ನ ಮುಖ ನೋಡ್ತಾ ಇರ್ತಾರೆ."

ಕೆಲವು ತಿಂಗಳ ಹಿಂದೆ ಹೀಗೆ ಬಂದವಳು ಆಸ್ಪತ್ರೆಯ ನೆಲ ಒರೆಸುವ ಒಬ್ಬ ತಾಯಿ. ಇಬ್ಬರು ಮಕ್ಕಳು. ಗಂಡ ಬಿಟ್ಟುಹೋಗಿ ಬೇರೆ ಊರಲ್ಲಿದ್ದಾನೆ. ಮಕ್ಕಳನ್ನು ಜೊತೆಗಿಟ್ಟುಕೊಂಡು ಸಾಕುವವರಿಗೆ ತೆರಿಗೆಯಲ್ಲಿ ಒಂದಿಷ್ಟು ಹಣ ವಾಪಸ್ ಬರುತ್ತದೆ. ಆ ಪುಣ್ಯಾತ್ಮ, ಮಕ್ಕಳು ತನ್ನ ಜೊತೆಗಿದ್ದಾರೆ ಎಂದು ಬರೆದು ತಾನೇ ಮೊದಲು ಕೇಳಿಬಿಟ್ಟಿದ್ದ. ಕಚೇರಿಯವರು ಇವಳ ಹಣ ತಡೆಹಿಡಿದು, ಮಕ್ಕಳು ನಿನ್ನ ಬಳಿಯೇ ಇದ್ದಾರೆ ಎಂಬುದಕ್ಕೆ ಸಾಕ್ಷಿ ಕೊಡು ಎಂದರು. ಮನೆಗೆ ಬಾಡಿಗೆ ಕರಾರಿಲ್ಲ, ಶಾಲೆಯಲ್ಲಿ ಇನ್ನೂ ಹಳೆಯ ವಿಳಾಸ.

"ಹಣ ಹಾಳಾಗ್ಲಿ ಅಕ್ಕ" ಅಂದಳಂತೆ ಆ ತಾಯಿ. "ಮಕ್ಕಳು ನನ್ನ ಹತ್ರ ಇಲ್ಲ ಅಂತ ಸರ್ಕಾರವೇ ಬರ್ಕೊಂಡುಬಿಟ್ರೆ? ನಾಳೆ ಅದನ್ನೇ ಹಿಡ್ಕೊಂಡು ಅವನು ಮಕ್ಕಳನ್ನೂ ಕೇಳಲ್ವಾ?"

ಇಲ್ಲಿ ದೊಡ್ಡಕ್ಕ ಎಡವಿದಳು. ರಾತ್ರಿ ಮಕ್ಕಳ ಜೊತೆ ಮಲಗಲು ಬರುವ ತಂಗಿ ಮತ್ತು ಇಬ್ಬರು ಗೆಳತಿಯರಿಂದ ಸಾಕ್ಷಿ ಪತ್ರ ಬರೆಸಿ, ಅಲ್ಲಲ್ಲಿ ತಾನೇ ತಿದ್ದಿ ಚೆಂದ ಮಾಡಿ ಕಳಿಸಿದಳು. ಮೂರೂ ತಿರಸ್ಕೃತವಾದವು. "ಬುದ್ಧಿವಂತಿಕೆ ತೋರಿಸೋಕೆ ಹೋದೆ. ಮೂರರಲ್ಲೂ ನಂದೇ ಧ್ವನಿ. ನಾನಾಗಿದ್ರೂ ನಂಬ್ತಿರಲಿಲ್ಲ" ಎಂದು ಈಗ ತಲೆ ಚಚ್ಚಿಕೊಳ್ಳುತ್ತಾಳೆ. ಉಳಿದದ್ದು ಇನ್ನೊಂದೇ ಅವಕಾಶ.

ಅವಳು ಕಾಗದ ಪಕ್ಕಕ್ಕಿಟ್ಟು, "ನಿನ್ನೆ ಬೆಳಗ್ಗೆ ಮನೆಗೆ ಹೋದ್ಮೇಲೆ ಏನೇನಾಯ್ತು ಹೇಳು" ಅಂದಳು. ತಾಯಿ ಹೇಳುತ್ತ ಹೋದಳು. ಮಕ್ಕಳನ್ನು ಎಬ್ಬಿಸಿದ್ದು, ಕಾಲುಚೀಲಕ್ಕಾಗಿ ಅವರು ಕಿತ್ತಾಡಿದ್ದು, ಕುಣಿದದ್ದು, ಕೆಳಮನೆಯ ಮುದುಕ ಎಂದಿನಂತೆ ಪೊರಕೆಯ ಕೋಲಿನಿಂದ ತನ್ನ ಚಾವಣಿ ಕುಟ್ಟಿ ಬೈದದ್ದು. ದೊಡ್ಡಕ್ಕ ಅಲ್ಲೇ ತಡೆದಳು. "ಆ ಮುದುಕನ ಮನೆಗೆ ಹೋಗೋಣ ನಡಿ."

ಆತ ಕೆಲಸ ಬಿಟ್ಟ ಬಡಗಿ. ಈ ತಾಯಿಗೂ ಆತನಿಗೂ ವರ್ಷದಿಂದ ಮಾತಿಲ್ಲ, ಎಣ್ಣೆ ಸೀಗೆಕಾಯಿ. ತಾಯಿಗೆ ಬಾಗಿಲು ತಟ್ಟಲೂ ಕೈ ಬರಲಿಲ್ಲ, ದೊಡ್ಡಕ್ಕನೇ ತಟ್ಟಿದಳು. ವಿಷಯ ಕೇಳಿ ಬಡಗಿ ಕೆರಳಿದ. "ಮಕ್ಕಳು ಇಲ್ಲಿಲ್ಲ ಅಂದೋನು ಯಾರು? ಒಂದು ಬೆಳಗ್ಗೆ ನನ್ನ ಮನೇಲಿ ಬಂದು ಕೂರೋಕೆ ಹೇಳಿ. ಎರಡು ವರ್ಷದಿಂದ ನನ್ನ ತಲೆ ಮೇಲೇ ಇದ್ದಾವೆ."

ಅದನ್ನೇ ಬರೆದು ಕೊಡಿ ಅಂದಳು ದೊಡ್ಡಕ್ಕ. ಆತ ಬರೆದದ್ದು ಸಾಕ್ಷಿಯಲ್ಲ, ಶುದ್ಧ ದೂರು. ಚೆಂಡು, ಹಗ್ಗದಾಟ, ಭಾನುವಾರವೂ ಬಿಡುವಿಲ್ಲದ ಧಡಧಡ, ಎಲ್ಲ ಇತ್ತು. ಕೊನೆಯಲ್ಲಿ ಮಾತ್ರ ಹೀಗಿತ್ತು: 'ಬೆಳಗ್ಗೆ ತಾಯಿ ಮೆಟ್ಟಿಲು ಹತ್ತುವ ಸದ್ದಾದ ಕೂಡಲೇ ಎರಡೂ ಮಕ್ಕಳು ಬಾಗಿಲಿಗೆ ಓಡುತ್ತವೆ. ಆಗ ಮಾತ್ರ ನಾನು ಕೋಲು ಎತ್ತುವುದಿಲ್ಲ.'

"ಅದನ್ನ ಓದಿ ಅತ್ತುಬಿಟ್ಟೆ" ಅನ್ನುತ್ತಾಳೆ ದೊಡ್ಡಕ್ಕ. ಈ ಸಲ ಒಂದಕ್ಷರವನ್ನೂ ತಿದ್ದಲಿಲ್ಲ. ಮೇಷ್ಟ್ರು ಓದಿ, ಕನ್ನಡಕ ಒರೆಸಿಕೊಂಡು, ಹಾಗೇ ಕಳಿಸು ಅಂದರು.

ಇವತ್ತು ಮೊದಲು ಮೆಟ್ಟಿಲಿಳಿದು ಬಂದವಳು ಅದೇ ತಾಯಿ. ಪಾಳಿಯ ಸಮವಸ್ತ್ರದಲ್ಲೇ ಇದ್ದಾಳೆ, ಕೈಯಲ್ಲಿ ತೆರಿಗೆ ಕಚೇರಿಯ ಲಕೋಟೆ. ದೊಡ್ಡಕ್ಕ ಚಹಾ ಬಗ್ಗಿಸಿ, ಅಭ್ಯಾಸಬಲದಿಂದ ಕತ್ತರಿಗೆ ಕೈ ಚಾಚುತ್ತಾಳೆ. ಕೈ ಅರ್ಧದಲ್ಲೇ ನಿಲ್ಲುತ್ತದೆ. ಲಕೋಟೆಯ ಒಂದು ಅಂಚು ಆಗಲೇ ಹರಿದಿದೆ, ಹಲ್ಲಿನಲ್ಲಿ ಕಚ್ಚಿ ಹರಿದ ಹಾಗೆ ವಕ್ರವಕ್ರ.

"ಬಸ್ಸಲ್ಲೇ ಒಡ್ದೆ ಅಕ್ಕ. ನಾನೇ ಓದ್ತೀನಿ, ನೀವು ಕೂತ್ಕೊಳ್ಳಿ."

ತಾಯಿ ಕಾಗದ ಬಿಡಿಸಿ ಒಂದು ಸಲ ಮನಸ್ಸಿನಲ್ಲೇ ಓದಿಕೊಳ್ಳುತ್ತಾಳೆ. ಮುಖ ಅಲ್ಲಾಡುವುದಿಲ್ಲ. ಕಾಗದ ನೋಡದೆ ಆ ಮುಖವನ್ನೇ ನೋಡುವ ಸರದಿ ಈಗ ದೊಡ್ಡಕ್ಕನದು. ಆಮೇಲೆ ತಾಯಿ ಬೆರಳಿಟ್ಟು, ಒಂದೊಂದೇ ಪದ ಬಿಡಿಸಿ, ಗಟ್ಟಿಯಾಗಿ ಓದುತ್ತಾಳೆ: "ಇಬ್ಬರೂ ಮಕ್ಕಳು... ತಾಯಿಯ ಜೊತೆ... ವಾಸವಾಗಿದ್ದಾರೆ... ಎಂದು ಒಪ್ಪಲಾಗಿದೆ."

ದೊಡ್ಡಕ್ಕ ಆ ಕಾಗದ ತೆಗೆದುಕೊಂಡು ತಾನೂ ಒಂದು ಸಲ ಓದುತ್ತಾಳೆ. ಆಮೇಲೆ ತಾಯಿ ಎದ್ದು ಹೊರಡುತ್ತಾಳೆ. ಮಕ್ಕಳನ್ನು ಎಬ್ಬಿಸುವ ಹೊತ್ತಾಯಿತು.

ದೊಡ್ಡಕ್ಕನ ಓದು ಈ ವರ್ಷ ಮುಗಿಯುತ್ತದೆ. ಮುಂದೇನಾಸೆ ಎಂದರೆ ಅವಳು ಮೇಜಿನತ್ತ ನೋಡಿ, ಕತ್ತರಿಯನ್ನು ಸೆರಗಿನಲ್ಲಿ ಒರೆಸುತ್ತಾಳೆ.

"ಎಲ್ಲರೂ ಅವರವರ ಲಕೋಟೆ ಅವರೇ ಒಡ್ಕೊಂಡು ಬರೋ ಹಾಗಾಗ್ಲಿ. ಇದಕ್ಕೆ ತುಕ್ಕು ಹಿಡೀಲಿ."