ಸ್ಕೋರರ್ ಮಾವ ನುಂಗಿಕೊಂಡ ಫೈನಲ್

ಕಾಲೇಜಿನವರೆಲ್ಲ ಸ್ಕೋರರ್ ಮಾವ ಎಂದೇ ಕರೆಯುವ ಈ ನಿವೃತ್ತ ಲ್ಯಾಬ್ ಸಹಾಯಕರ ಕೈಗೆ ಸಿಕ್ಕಿಬಿದ್ದವರು ಹುಡುಗರ ಬಾಸ್ಕೆಟ್‌ಬಾಲ್ ತಂಡದ ನಲವತ್ತು ವರ್ಷದ ಚರಿತ್ರೆ ಕೇಳದೆ ಎದ್ದುಹೋಗುವಂತಿಲ್ಲ. ಪಂದ್ಯಗಳ ಸ್ಕೋರ್ ಪುಸ್ತಕ ಬರೆದೂ ಬರೆದೂ ಅವರಿಗೆ ಕ್ಯಾಲೆಂಡರೇ ಬೇಡವಾಗಿದೆ: ಮಗಳು ಹುಟ್ಟಿದ್ದು ನಾವು ಸೆಮಿಫೈನಲ್ ಗೆದ್ದ ವರ್ಷ, ಮನೆಯ ಸೂರು ಸೋರಿದ್ದು ಕುಳ್ಳ ಕೋಚ್ ಬಂದ ವರ್ಷ. "ನಮ್ಮ ಮದುವೆ ಯಾವಾಗಾಯ್ತು, ಹೇಳಿ ನೋಡೋಣ," ಎಂದು ಹೆಂಡತಿ ಕೆಣಕಿದರೆ, "ಆ ಉದ್ದಕಾಲಿನ ಅವಳಿಗಳು ಆಡಿದ ವರ್ಷ ಅಲ್ವೇನೆ," ಎನ್ನುತ್ತಾರೆ. ಹಿಂದೊಮ್ಮೆ ಬುಟ್ಟಿಯ ಅಂಚಿನಲ್ಲಿ ಮೂರು ಸುತ್ತು ಸುತ್ತಿ ಒಳಗೆ ಬಿದ್ದ ಚೆಂಡು ಅವರ ಬಾಯಲ್ಲಿ ಈಗ ಹನ್ನೊಂದು ಸುತ್ತು ಸುತ್ತುತ್ತಿದೆ. ಒಂದೇ ಒಂದು ಫೈನಲ್ಲಿನ ಸುದ್ದಿ ಮಾತ್ರ ಅವರು ಎತ್ತುವುದಿಲ್ಲ. ತಂಡದ ಚರಿತ್ರೆಯನ್ನು ಅಚ್ಚುಹಾಕಿಸಲು ಹೊರಟ ಕಾಲೇಜಿನವರು ಅದನ್ನೇ ಕೇಳಿದಾಗ ಎರಡು ದಿನ ಅವರಿಗೆ ಊಟ ಸೇರಲಿಲ್ಲ. ಆ ದಿನ ರೆಫರಿ ತೋರಿಸಿದ್ದು ಬೇರೊಬ್ಬನ ನಂಬರು, ಗಡಿಬಿಡಿಯಲ್ಲಿ ಮಾವ ಫೌಲ್ ಬರೆದದ್ದು ಕ್ಯಾಪ್ಟನ್ ಹೆಸರಿನ ಮುಂದೆ. ಅದು ಅವನ ಐದನೆಯದು. ಐದು ಫೌಲಾದರೆ ಆಟದಿಂದಲೇ ಹೊರಗೆ ಎಂಬ ನಿಯಮದಂತೆ ಅವನು ಅಂಗಳ ಬಿಟ್ಟು ನಡೆದ, ತಂಡ ಒಂದೇ ಪಾಯಿಂಟಿನಿಂದ ಸೋತಿತು. ಕೊನೆಗೆ ಮಾವ, ಈಗ ತಲೆ ನರೆತಿರುವ ಆ ಕ್ಯಾಪ್ಟನ್‌ನ ಮನೆಗೇ ಹೋಗಿ ತಪ್ಪೊಪ್ಪಿಕೊಂಡರು. ಅವನು ನಕ್ಕುಬಿಟ್ಟ. "ಎದುರು ತಂಡದವನ ಕೈಗೆ ಹೊಡೆದಿದ್ದು ನಾನೇ ಮಾವ. ರೆಫರಿನೇ ತಪ್ಪಾಗಿ ಇನ್ನೊಬ್ಬನ್ನ ತೋರಿಸಿದ್ರು. ನೀವು ಕಂಡುಬಿಟ್ರಲ್ಲ ಅಂತ ನಾಚ್ಕೊಂಡು, ಇಷ್ಟು ವರ್ಷ ನಿಮ್ಮ ಕಣ್ಣು ತಪ್ಪಿಸಿ ಓಡಾಡಿದೀನಿ." ಮಾವ ಕುರ್ಚಿಗೊರಗಿ ಎರಡು ಲೋಟ ನೀರು ಕುಡಿದು ಉಸಿರುಬಿಟ್ಟರು. ಆಮೇಲೆ, "ಹಾಗಾದ್ರೆ ಕೇಳು, ಆ ಫೈನಲ್‌ನಲ್ಲಿ ಏನಾಯ್ತು ಅಂದ್ರೆ," ಎಂದು ಆಡಿದವನಿಗೇ ಮೊದಲಿನಿಂದ ಹೇಳತೊಡಗಿದರು.