ಬಳೆ ಅಂಗಡಿ ಹುಡುಗಿಯ ದನಿ

ಆ ಸಿನಿಮಾಕ್ಕೆ ಸಂಭಾಷಣೆ ಬರೆದವನು ನಾನು. ಈಗ ಯಾರಾದರೂ ಅದರ ಮಾತೆತ್ತಿದರೆ ಮುಖ ತಿರುಗಿಸುತ್ತೇನೆ. ಸಿನಿಮಾ ಕೆಟ್ಟದಾಗಿದೆ ಎಂದಲ್ಲ. ಮುಂಡರಗಿಯ ಹುಡುಗಿಯೊಬ್ಬಳು ಅಪ್ಪನ ಕೆಲಸದ ದೆಸೆಯಿಂದ ಗದಗಿಗೆ ಬಂದು, ಹೊಸ ಶಾಲೆಯಲ್ಲಿ ಒಬ್ಬಂಟಿಯಾಗಿ, ಕೊನೆಗೆ ಗೆಳತಿಯರನ್ನು ಸಂಪಾದಿಸುವ ಸಾದಾ ಕತೆ. ದುಡ್ಡಿಲ್ಲದವರ ಸಿನಿಮಾ. ಬೆಟಗೇರಿಯ ನನ್ನ ಮನೆಯೇ ಹುಡುಗಿಯ ಮನೆ, ನನ್ನ ಹೆಂಡತಿ ಬಡಿದ ರೊಟ್ಟಿಯೇ ಎಲ್ಲರ ಊಟ.

ಆ ಪಾತ್ರಕ್ಕೆ ಹುಡುಗಿಯನ್ನು ಹುಡುಕಿದವನೂ ನಾನೇ. ಮುಂಡರಗಿ ಬಸ್ ನಿಲ್ದಾಣದ ಹತ್ತಿರ ಅವಳ ತಾಯಿಯದೊಂದು ಬಳೆ ಅಂಗಡಿ. ಕಣ್ಣು ಕಾಣದ ಅಜ್ಜಿ ಗಿರಾಕಿಗಳ ಕೈ ತಡವಿ ಅಳತೆ ಹೇಳುತ್ತಿದ್ದಳು. ಶಾಲೆ ಬಿಟ್ಟ ಮೇಲೆ ಮೊಮ್ಮಗಳು ಬಂದು ಬಳೆ ಏರಿಸುತ್ತಿದ್ದಳು. "ಕೈ ಸಡ್ಲ ಬಿಡ್ರಿ ಅಕ್ಕಾರ, ನೀವು ಬಿಗಿ ಹಿಡದ್ರ ಬಳಿ ಪಾಪ ಏನ್ ಮಾಡಬೇಕ್ರಿ?" ತುಸು ಒಡಕು ದನಿ, ಆದರೆ ಗಟ್ಟಿ. ನಿರ್ದೇಶಕ ಬೆಂಗಳೂರಿನವನು. ಕೇಳಿದ ಕೂಡಲೇ "ಇವಳೇ ಸರ್" ಎಂದ.

ಅವಳು ಮಾತುಗಳನ್ನೆಲ್ಲ ಅಜ್ಜಿಯ ಮುಂದೆ ಹೇಳಿ ಹೇಳಿ ಬಾಯಿಪಾಠ ಮಾಡಿದಳು. ಎಲ್ಲಾದರೂ ಪುಸ್ತಕದ ವಾಸನೆ ಬಂದರೆ, "ಹಿಂಗ ಯಾರೂ ಅನ್ನಂಗಿಲ್ರಿ ಸರ" ಎನ್ನುತ್ತಿದ್ದಳು. ಜೀವಮಾನವೆಲ್ಲ ಕನ್ನಡ ಕಲಿಸಿದ ಮಾಸ್ತರ ನಾನು. ತೆಪ್ಪಗೆ ತಿದ್ದಿಕೊಳ್ಳುತ್ತಿದ್ದೆ.

ಚಿತ್ರೀಕರಣ ಮುಗಿದು ಕೆಲವು ತಿಂಗಳಾದ ಮೇಲೆ ನಿರ್ದೇಶಕನ ಫೋನು ಬಂತು. "ನೋಡಿದವರು ಹುಡುಗಿ ದನಿ ಒರಟು ಅಂತಿದ್ದಾರೆ ಸರ್. ಇಲ್ಲಿಯ ಮಗು ಕೈಲಿ ಡಬ್ಬಿಂಗ್ ಮಾಡಿಸೋಣ್ವಾ? ನೀವು ಬೇಡ ಅಂದ್ರೆ ಬಿಡ್ತೀನಿ."

ಬ್ಯಾಡ ಎಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಪರದೆಯ ಮೇಲೆ ಬರಲಿರುವ ನನ್ನ ಹೆಸರು ಕಣ್ಣ ಮುಂದೆ ಕುಣಿಯಿತು. ಬೆಂಗಳೂರಿನ ಮಂದಿ ನಕ್ಕರೆ? ಗಾವಟಿ ಮಾತು ಬರೆದಿದ್ದಾನೆ ಎಂದರೆ? "ಮಾಡಿಸ್ರಿ, ಅದs ಛಲೋ" ಎಂದುಬಿಟ್ಟೆ.

ಆಮೇಲೆ ಹುಡುಗಿಯ ತಾಯಿ ಫೋನು ಮಾಡಿ "ಸಿನಿಮಾ ಯಾವಾಗ್ರೀ ಸರ?" ಎಂದಾಗಲೆಲ್ಲ ಹೇಳಬೇಕು ಅಂದುಕೊಳ್ಳುತ್ತಿದ್ದೆ. "ಬರತೈತಿ ತಡೀವಾ" ಎಂದು ಇಟ್ಟುಬಿಡುತ್ತಿದ್ದೆ.

ಕಡೆಗೊಂದು ಭಾನುವಾರ ಮಧ್ಯಾಹ್ನ ಮುಂಡರಗಿಯ ಸಭಾಭವನದಲ್ಲಿ ತೋರಿಸಿದರು. ತಾಯಿ ಅಂಗಡಿ ಮುಚ್ಚಿ, ಮದುವೆಗೆ ಕರೆದಂತೆ ಮನೆಮನೆಗೆ ಹೋಗಿ ಕುಂಕುಮ ಹಚ್ಚಿ ಓಣಿಯವರನ್ನೆಲ್ಲ ಕರೆದಿದ್ದಳು. ನನ್ನನ್ನು ಮುಂದಿನ ಸಾಲಿನಲ್ಲಿ ಅಜ್ಜಿಯ ಪಕ್ಕ ಕೂರಿಸಿದರು. ಅಜ್ಜಿಯ ಆ ಬದಿಗೆ ಹುಡುಗಿ.

ಅವಳು ಪರದೆಯ ಮೇಲೆ ಬಂದಳು. ಚಪ್ಪಾಳೆ ಬಿತ್ತು. ಬಾಯಿ ತೆರೆದಳು. "ಅಮ್ಮಾ, ನಾನು ಆ ಸ್ಕೂಲಿಗೆ ಹೋಗಲ್ಲ" ಎಂದು ಸಕ್ಕರೆಯಂಥ ದನಿಯೊಂದು ಕೇಳಿಸಿತು. ಪರದೆಯ ಮೇಲಿನ ತಾಯಿಯ ಮಾತು ಮುಂಡರಗಿಯದು, ಮಗಳದು ಬೆಂಗಳೂರಿನದು. ಚಪ್ಪಾಳೆ ನಿಂತೇ ಹೋಯಿತು.

"ಯಾರ ಕೂಸಿದು?" ಎಂದಳು ಅಜ್ಜಿ. "ನಮ್ಮಾಕಿ ಯಾವಾಗ ಬರ್ತಾಳ್ರಿ ಸರ?"

ನಾನು ಕನ್ನಡಕ ತೆಗೆದು ಒರೆಸತೊಡಗಿದೆ. ಅಜ್ಜಿ ಮತ್ತೆ ಕೇಳಿದಳು. ಅಷ್ಟರಲ್ಲಿ ಹುಡುಗಿ ಬಾಗಿ ಅಜ್ಜಿಯ ಕಿವಿಯಲ್ಲಿ ಹೇಳತೊಡಗಿದಳು, "ಯವ್ವಾ, ನಾ ಆ ಸಾಲಿಗೆ ಹೋಗಂಗಿಲ್ಲ." ಮುಂದಿನ ಮಾತೂ ಹೇಳಿದಳು. ಅದರ ಮುಂದಿನದೂ. ಪರದೆಯ ಮೇಲೆ ತನ್ನ ತುಟಿ ಅಲುಗಿದಾಗಲೆಲ್ಲ ಹೇಳಿದಳು, ಸಿನಿಮಾ ಮುಗಿಯುವವರೆಗೂ. ಮಗ್ಗುಲಲ್ಲೇ ಕೂತು ಒಂದೊಂದನ್ನೂ ಕೇಳಿದೆ. ಮಾಡಿದ್ದುಣ್ಣೋ ಮಹರಾಯ. ಎದ್ದು ಹೋಗುವ ಧೈರ್ಯವೂ ನನಗೆ ಬರಲಿಲ್ಲ.

ಮುಗಿದ ಮೇಲೆ ಅಜ್ಜಿ ನನ್ನ ಕೈ ಹಿಡಿದಳು. "ಭಾಳ ಛಲೋ ಬರದೀರಿ ಸರ. ಒಂದ್ ಮಾತೂ ಬಿಡಲಿಲ್ಲ ನಾ."

ಹೊರಗೆ ಚಪ್ಪಲಿ ಹುಡುಕುತ್ತಿದ್ದಾಗ ಹುಡುಗಿ ಬಂದು ನಿಂತಳು. "ನಾ ಎಲ್ಲಿ ತಪ್ಪಿದ್ನಿರಿ ಸರ?"

"ನಿಂದೇನೂ ತಪ್ಪಿಲ್ಲವಾ. ಬೆಂಗಳೂರಾಗ ಮಷಿನ್ ಕೆಟ್ಟು ನಿನ್ನ ದನಿ ಅಳಿಸಿ ಹೋತಂತ" ಎಂದೆ. ಅಷ್ಟು ಸಲೀಸಾಗಿ ಬಂತು ಸುಳ್ಳು.

ಅವಳ ಮುಖ ಗೆಲುವಾಯಿತು. "ಹಂಗಾರ ಯಾರೂ ಬೇಕಂತ ಮಾಡಿಲ್ಲ ಬಿಡ್ರಿ" ಎಂದಳು. "ಮತ್ತ ನೀವ್ಯಾಕ ಮಾರಿ ಸಣ್ಣದು ಮಾಡೀರಿ ಸರ?"