ಹೆದರಿಕೆ ಮಾರಾಟಕ್ಕಿಲ್ಲ

ನಮ್ಮ ಚಿಕ್ಕಮ್ಮನ ಕೆಲಸ ಸಾಯುವುದಾಗಿತ್ತು. ವಿಡಿಯೋ ಗೇಮ್ ಮಾಡುವ ಸ್ಟುಡಿಯೋ ಒಂದರಲ್ಲಿ, ಬಿಳಿ ಗುಂಡುಗಳನ್ನು ಅಂಟಿಸಿದ ಬಿಗಿಯಾದ ಕಪ್ಪು ಉಡುಪು ತೊಟ್ಟು ಅವಳು ಚೂರಿಯಿಂದ ಇರಿಸಿಕೊಳ್ಳುತ್ತಿದ್ದಳು, ಗುದ್ದಿಸಿಕೊಳ್ಳುತ್ತಿದ್ದಳು, ಮೆಟ್ಟಿಲಿನಿಂದ ಉರುಳುತ್ತಿದ್ದಳು. ಗೋಡೆಯ ಕ್ಯಾಮೆರಾಗಳು ಆ ಗುಂಡುಗಳನ್ನು ಹಿಂಬಾಲಿಸಿ ಅವಳ ಬೀಳುವಿಕೆಯನ್ನು ಕಂಪ್ಯೂಟರಿನೊಳಗಿನ ಸೈನಿಕರಿಗೆ ಹಂಚುತ್ತಿದ್ದವು. ಹೊಡೆಯುವವನು ಅವಳ ಮೈದುನನೇ. ಇಬ್ಬರೂ ಸಿನಿಮಾದಲ್ಲಿ ಹೊಡೆದಾಡಿ ಪಳಗಿದವರು. ಕೋಲು ಮೈಗೆ ಒಂದು ಬೆರಳು ದೂರದಲ್ಲಿ ನಿಲ್ಲಬೇಕು, ಉಳಿದದ್ದು ಬೀಳುವವರ ಜಾಣತನ.

ಅದೇ ಕಟ್ಟಡದ ಕೆಳಗಿನ ಕೋಣೆಯಲ್ಲಿ ಒಬ್ಬ ಮುದುಕ ಹಳೇ ಗೇಮುಗಳ ಹಾಗೆ ಪರದೆಯ ಮೇಲೆ ಬಣ್ಣದ ಚೌಕಗಳನ್ನು ಜೋಡಿಸಿ ಗೇಮಿನ ಬೊಂಬೆ ಮಾಡುತ್ತಿದ್ದ. ಅಂಥ ಗೇಮುಗಳನ್ನು ಹುಡುಕಿಕೊಂಡು ಬಂದು ಆಡುವವರು ಈಗಲೂ ಇದ್ದರು. ಎಲ್ಲರಿಗೂ ಅವನು ಚೌಕದಣ್ಣ.

"ನನ್ನ ಬೊಂಬೆಯವನು ನಾಲ್ಕು ಚಿತ್ರ ಬರೆದ್ರೆ ಸಾಯ್ತಾನೆ ತಾಯಿ. ಯಾರ ಮೂಳೇನೂ ಬೇಡ," ಎಂದು ಚಿಕ್ಕಮ್ಮನನ್ನು ಕೆಣಕುತ್ತಿದ್ದ.

"ಇಟ್ಟಿಗೆ ರಾಶಿ ಥರ ಇದ್ದಾನೆ. ಸತ್ತಿದ್ದು ಗೊತ್ತಾಗೋದು ಹೇಗಣ್ಣ?"

ಹೊಸ ಗೇಮಿಗೆ ಮುಖವೂ ಬೇಕಾಯಿತು. ಚಿಕ್ಕಮ್ಮನ ತಲೆಗೆ ಪಟ್ಟಿ ಕಟ್ಟಿ ಮುಖದೆದುರು ಪುಟ್ಟ ಕ್ಯಾಮೆರಾ ನಿಲ್ಲಿಸಿದರು. ಎಷ್ಟು ಸಲ ಬಿದ್ದರೂ ನಿರ್ದೇಶಕನಿಗೆ ಸಮಾಧಾನವಿಲ್ಲ.

"ಕಣ್ಣಲ್ಲಿ ಭಯ ಬರ್ತಿಲ್ಲ ಮೇಡಂ. ಈಗಿನ ಗ್ರಾಫಿಕ್ಸಲ್ಲಿ ಸುಳ್ಳು ನಡೆಯಲ್ಲ."

"ಬೀಳೋದನ್ನ ಮಾರ್ತೀನಿ ಸಾರ್. ಹೆದರೋದು ನನ್ನ ಸ್ವಂತದ್ದು."

ಅವನು ಮೈದುನನನ್ನು ಮೂಲೆಗೆ ಕರೆದು ಏನೋ ಪಿಸುಗುಟ್ಟಿದ.

ಮುಂದಿನ ಸಲ ಕೋಲು ನಿಲ್ಲಲಿಲ್ಲ. ಪಕ್ಕೆಲುಬು ಲಟಕ್ಕೆಂದಿತು. ಉಸಿರಿಗಾಗಿ ಬಾಯಿ ತೆರೆದು ಬಿದ್ದವಳ ಬೆನ್ನಿಗೆ ಇನ್ನೊಂದು ಏಟು.

"ಸೂಪರ್! ಇದೇ ಬೇಕಾಗಿದ್ದಿದ್ದು!" ನಿರ್ದೇಶಕ ಚಪ್ಪಾಳೆ ತಟ್ಟಿದ.

ಮೈದುನ ಬಗ್ಗಿದ. "ತಪ್ಪು ತಿಳ್ಕೋಬೇಡಿ ಅತ್ತಿಗೆ. ನಿಜವಾಗಿ ಹೊಡಿ ಅಂತ ಅವರೇ ಹೇಳಿದ್ರು."

"ಹೊಡೆದಿದ್ದು ನೀನು."

ಅವನ ಕೈಯಿಂದಲೇ ಕೋಲು ಕಿತ್ತು ಮುಖಕ್ಕೆ ಬೀಸಿದಳು. ಮೂಗು ಒಡೆದು ರಕ್ತ ಗಲ್ಲಕ್ಕಿಳಿಯಿತು. ಎರಡನೆಯ ಏಟಿಗೆ ಹಲ್ಲು ಉದುರಿತು. ಆಮೇಲೆ ನಿರ್ದೇಶಕನ ಮೇಜಿನ ಮುಂದೆ ನಿಂತಳು.

"ನನ್ನ ಮುಖ ಅಳಿಸು."

"ಬಂಗಾರದಂಥ ಶಾಟ್ ಮೇಡಂ..."

ಕೋಲು ಅವನ ಬೆರಳ ಪಕ್ಕದಲ್ಲೇ ಬಿತ್ತು. ಅಲ್ಲಿದ್ದ ಗಾಜಿನ ಲೋಟ ಪುಡಿಯಾಗಿ ಅವನ ಅಂಗೈ ಕುಯ್ಯಿತು. ರಕ್ತ ಸುರಿಯುವ ಕೈಯಲ್ಲೇ ಅವನು ಅಳಿಸಿದ. ಪರದೆ ಖಾಲಿಯಾಗುವತನಕ ಅವಳು ಕದಲಲಿಲ್ಲ.

ಕೆಲಸ ಹೋಯಿತು. ಮೈದುನ ಮನೆಗೆ ಬರುವುದನ್ನು ಬಿಟ್ಟ. ಎದೆಗೆ ಪಟ್ಟಿ ಸುತ್ತಿಕೊಂಡೇ ಅವಳು ಕೆಳಗಿನ ಕೋಣೆಗೆ ಹೋದಳು. ಹೊಸ ಬೊಂಬೆಯ ಭಂಗಿ ನೋಡಿ ಬರೆಯಲು ಚೌಕದಣ್ಣನಿಗೂ ಈಗ ಒಂದು ಮೈ ಬೇಕಾಗಿತ್ತು.

"ಹೆದರಿದ ಮುಖ ಬೇಕಾ ಅಣ್ಣ?"

"ನನ್ನ ಬೊಂಬೆಗೆ ಮುಖ ಅಂದ್ರೆ ಎರಡು ಚೌಕ. ಹೆದರಿಕೆ ಎಲ್ಲಿ ತುರುಕಲಿ?"

"ಹಾಗಾದ್ರೆ ಹೊಡೆಯೋಳನ್ನ ಬರಿ."

ಪಕ್ಕೆ ಸೀಳುವ ನೋವಿಗೆ ಹಲ್ಲು ಕಚ್ಚಿ, ಮೂಲೆಯಲ್ಲಿದ್ದ ಕೋಲೊಂದನ್ನು ತಲೆಯ ಮೇಲಕ್ಕೆತ್ತಿ ನಿಂತಳು.